ವಿಮಾನದ ಡಬ್ಬಿಗೆ ಹೊಸ ಪರದೆ

ಸಿಂದಗಿಯ ನಮ್ಮ ಕಟಿಂಗ್ ಅಂಗಡಿಯಲ್ಲಿ ಕುರ್ಚಿ ಎರಡೇ. ಒಂದು ಅಣ್ಣನದು, ಒಂದು ನನ್ನದು. ಮೂರನೆಯದಕ್ಕೂ ಜಾಗ ಇತ್ತು, ಆದರೆ ಆ ಜಾಗದಲ್ಲಿ ಅಣ್ಣನ ವಿಡಿಯೋ ಗೇಮಿನ ಡಬ್ಬಿ ನಿಂತಿತ್ತು. ಆಳೆತ್ತರದ ಮರದ ಪೆಟ್ಟಿಗೆ, ಎದುರಿಗೆ ಇಳಿಜಾರಾದ ಗಾಜು, ಗಾಜಿನ ಹಿಂದೆ ಹಳೇ ಕಾಲದ ದಪ್ಪ ಪಿಕ್ಚರ್ ಟ್ಯೂಬು, ಕೆಳಗೆ ಒಂದು ಕೋಲು, ಒಂದು ಗುಂಡಿ. ಬಸ್‌ಸ್ಟ್ಯಾಂಡಿನ ಹತ್ತಿರ ಇದ್ದ ಗೇಮ್ ಪಾರ್ಲರು ಮುಚ್ಚಿದಾಗ ಅಣ್ಣ ಅದನ್ನು ತಳ್ಳುಗಾಡಿಯ ಮೇಲೆ ಹೇರಿಕೊಂಡು ತಂದಿದ್ದ. ಪಾಳಿ ಕಾಯುವ ಗಿರಾಕಿಗಳಿಗೆ ಹೊತ್ತು ಹೋಗಲಿ ಎಂದು ತಂದಿದ್ದೇನೆ ಅಂದ. ಶುದ್ಧ ಸುಳ್ಳು. ಆಡಲಿಕ್ಕೆ ಅವನಿಗೇ ಬೇಕಾಗಿತ್ತು. ನನಗಂತೂ ಆ ಡಬ್ಬಿ ಕಂಡರೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಮೂರನೇ ಕುರ್ಚಿ ಹಾಕಿದ್ದರೆ ಇಷ್ಟೊತ್ತಿಗೆ ನಾವು ಎಲ್ಲಿರುತ್ತಿದ್ದೆವು ಎಂದು ಹಬ್ಬ ಹುಣ್ಣಿಮೆಗೊಮ್ಮೆ ಜಗಳ ತೆಗೆಯುತ್ತಿದ್ದೆ, ಅವನು ಹಲ್ಲು ಕಿರಿದು ಸುಮ್ಮನಾಗುತ್ತಿದ್ದ.

ಆಟ ಏನೂ ದೊಡ್ಡದಲ್ಲ. ಒಂದು ಸಣ್ಣ ವಿಮಾನ. ಎಡಗೈಯ ಕೋಲು ತಳ್ಳಿದರೆ ಮುಂದೆ ಹೋಗುತ್ತದೆ, ಬಲಗೈಯ ಗುಂಡಿ ಒತ್ತಿದರೆ ಮೇಲೇಳುತ್ತದೆ, ಬಿಟ್ಟರೆ ಇಳಿಯುತ್ತದೆ. ಬಯಲು, ಗುಡ್ಡ, ಮೋಡ ದಾಟಿದ ಮೇಲೆ ಒಂದು ಗವಿ ಬರುತ್ತದೆ. ಮೇಲೆ ಕೆಳಗೆ ಚೂಪು ಕಲ್ಲು, ನಡುವೆ ಇಕ್ಕಟ್ಟು ದಾರಿ. ಗವಿಯ ಬಾಯಿತನಕ ಯಾರು ಬೇಕಾದರೂ ಹೋಗುತ್ತಾರೆ. ಅದನ್ನು ದಾಟಬೇಕಾದರೆ ಬಲಗೈ ಹೇಳಿದ ಕ್ಷಣಕ್ಕೆ ಒತ್ತಿ ಹೇಳಿದ ಕ್ಷಣಕ್ಕೆ ಬಿಡಬೇಕು. ಅಣ್ಣ ಗಿರಾಕಿಯ ಜೊತೆ ತೊಗರಿಯ ಧಾರಣೆ ಮಾತಾಡುತ್ತಲೇ ಗವಿ ದಾಟುತ್ತಿದ್ದ. ಅದೇ ಕೈಯಿಂದ ಅವನು ಗಡ್ಡ ತೆಗೆಯುವುದನ್ನೂ ನೋಡಬೇಕಿತ್ತು. ತಾಂಬಾದಿಂದ, ಇಂಡಿಯಿಂದ ಬರುವ ಗೌಡರು ನನ್ನ ಕುರ್ಚಿ ಖಾಲಿ ಇದ್ದರೂ ಅದರತ್ತ ನೋಡದೆ ಅವನ ಪಾಳಿಗೆ ಕಾಯುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಏನು ಮಾಡುವುದು, ಖರೇನೇ ಅವನ ಕೈ ನನಗಿಂತ ಹಗುರ.

ಹೋದ ವರ್ಷದ ಹಿಂದಿನ ಬೇಸಿಗೆಯಲ್ಲಿ ಆ ಕೈಗೆ ಲಕ್ವಾ ಹೊಡೆಯಿತು. ಒಬ್ಬರ ಕೆನ್ನೆಗೆ ಸೋಪು ಹಚ್ಚುತ್ತಿದ್ದ, ಬ್ರಷ್ ಕೈಯಿಂದ ಜಾರಿ ಬಿತ್ತು. ನಗುತ್ತಾ ಎತ್ತಿಕೊಂಡ. ಮತ್ತೆ ಬಿತ್ತು. ಮೂರನೇ ಸಲ ಎತ್ತಲು ಬಗ್ಗಿದವನು ಏಳಲಿಲ್ಲ. ಸೋಪು ಮೆತ್ತಿದ ಮುಖದ ಗಿರಾಕಿಯೇ ಓಡಿ ಹೋಗಿ ಗಾಡಿ ತಂದರು, ಅದೇ ಗಾಡಿಯಲ್ಲಿ ವಿಜಯಪುರಕ್ಕೆ ಹೋದೆವು. ಬೇಗ ಹೋದದ್ದರಿಂದ ಬಚಾವಾದ. ನಾಲಿಗೆ ಮೊದಲು ಸರಿ ಹೋಯಿತು, ಆಮೇಲೆ ಕಾಲು. ಬಲಗೈ ಮಾತ್ರ ಮುನಿಸಿಕೊಂಡ ನೆಂಟನ ಹಾಗೆ ಎಳೆದೆಳೆದು ಬರುತ್ತಿತ್ತು.

ಬೆರಳು ಆಡಿಸಲಿಕ್ಕೆ ಡಾಕ್ಟರು ಒಂದು ರಬ್ಬರ್ ಚೆಂಡು ಕೊಟ್ಟಿದ್ದರು. ಅಣ್ಣ ಅದನ್ನು ಒಂದು ವಾರ ಹಿಚುಕಿ ಮಂಚದ ಕೆಳಗೆ ಎಸೆದ.

“ದಿನಾ ಕುಂತು ನಿಂಬಿಹಣ್ಣ ಹಿಂಡಿದಂಗ ಹಿಂಡೂದೇನು? ನನ್ನ ಡಬ್ಬಿ ಚಾಲೂ ಮಾಡಿ ಕೊಡು,” ಅಂದ ನನಗೆ. “ಕೈ ತಾನ ಬರತೈತಿ. ಗವಿ ದಾಟಿದ ದಿನಾ ಕತ್ತಿ ಹಿಡೀತೇನಿ. ಅಲ್ಲಿತನಕ ಯಾರ ಕುತ್ತಿಗಿ ಮ್ಯಾಲೂ ನನ್ನ ಕೈ ಇಡೂದಿಲ್ಲ.”

ನಾನು ಹೂಂ ಅಂದೆ. ಆದರೆ ಡಬ್ಬಿ ಅದಕ್ಕೂ ಮೊದಲೇ ಸತ್ತಿತ್ತು. ಒಂದು ದಿನ ಚಿತ್ರ ಕುಗ್ಗಿ ಕುಗ್ಗಿ ಟ್ಯೂಬಿನ ನಡುವೆ ಒಂದು ಬಿಳಿ ಗೆರೆಯಾಗಿ ನಿಂತಿತು, ಮರುದಿನ ಆ ಗೆರೆಯೂ ಹೋಯಿತು. ಸಪ್ಪಳ ಮಾತ್ರ ಬರುತ್ತಿತ್ತು. ಆಗ ನನಗೆ ಒಳಗೊಳಗೇ ಖುಷಿಯಾಗಿತ್ತು. ಈಗ ಅದನ್ನೇ ಬದುಕಿಸುವ ಕೆಲಸ ನನ್ನ ಕೊರಳಿಗೆ ಬಿತ್ತು.

ಸಿಂದಗಿಯಲ್ಲಿ ಟ್ಯೂಬಿನ ಟಿವಿ ರಿಪೇರಿ ಮಾಡುತ್ತಿದ್ದವರೆಲ್ಲ ಈಗ ಗೋಡೆಗೆ ತೆಳ್ಳನೆಯ ಟಿವಿ ಜಡಿಯುವವರಾಗಿದ್ದಾರೆ. ಇಂಡಿಯಲ್ಲಿ ಒಬ್ಬ ಹಳೇ ಮೆಕ್ಯಾನಿಕ್ ಇದ್ದಾನೆ ಅಂದರು, ಹೋದೆ. ಟ್ಯೂಬು ಎಂದ ಕೂಡಲೇ ಅವನು ಸತ್ತವರ ಸುದ್ದಿ ಕೇಳಿದಂತೆ ಮುಖ ಮಾಡಿದ.

“ಟ್ಯೂಬ್ ಎಲ್ಲೂ ಸಿಗಂಗಿಲ್ರಿ. ಸಪ್ಪಳ ಬರಾಕತ್ತೈತಿ ಅಂದ್ರ ಒಳಗಿನ ಬೋರ್ಡ್ ಚಲೋ ಐತಿ. ಟ್ಯೂಬ್ ತಗದು ಹೊಸಾ ಪರದೆ ಕೂಡ್ರಸ್ರಿ. ಹಳೇ ಬೋರ್ಡಿನ ಭಾಷಾ ಹೊಸಾ ಪರದೆಗೆ ತಿಳಿಯೂದಿಲ್ಲ, ನಡುವ ಒಂದ್ ಸಣ್ಣ ಕನ್ವರ್ಟರ್ ಹಾಕಬೇಕು. ಆದ್ರ ಟ್ಯೂಬ್ ಮುಟ್ಟೂ ಮುಂದ ಹುಷಾರ್ರಿ. ಬಂದ್ ಮಾಡಿ ಎಷ್ಟ್ ದಿನಾ ಆದ್ರೂ ಅದರಾಗ ಕರೆಂಟ್ ಕುಂತಿರತೈತಿ.”

ಕನ್ವರ್ಟರ್ ಆನ್‌ಲೈನಿನಲ್ಲಿ ತರಿಸಿದೆ. ಮಂಗಳವಾರ ಅಂಗಡಿ ರಜೆ, ಅವತ್ತೇ ಡಬ್ಬಿಯ ಬೆನ್ನು ಬಿಚ್ಚಿದೆ. ಒಳಗೆ ನೋಡಿದರೆ ಕೂದಲು. ಅಷ್ಟು ವರ್ಷ ನೆಲ ಗುಡಿಸಿದಾಗ ಸಂದಿಯಲ್ಲಿ ನುಸುಳಿದ್ದ ಊರ ಮಂದಿಯ ಕೂದಲು, ಕೌದಿಯಷ್ಟು ದಪ್ಪ. ಅಣ್ಣ ತನ್ನ ಕುರ್ಚಿಯಲ್ಲಿ ಕುಳಿತು ಅದು ಹಿಡಿ, ಇದು ಬಿಡು ಎಂದು ಆರ್ಡರ್ ಕೊಡುತ್ತಿದ್ದ. ಅಣ್ಣನ ಹೆಂಡತಿ, ನಮ್ಮ ವೈನಿ, ಬಾಗಿಲಲ್ಲಿ ನಿಂತು, “ಮನ್ಯಾಗ ಒಬ್ಬರು ಮಲಗಿ ಎದ್ದಿದ್ದು ಸಾಕಾಗಿಲ್ಲೇನು, ಈಗ ನೀವು ಕರೆಂಟ್ ಹಿಡಕೊಂಡು ಮಲಗವರ?” ಎಂದು ನನ್ನನ್ನು ಬೈಯುತ್ತಿದ್ದಳು. ಮೆಕ್ಯಾನಿಕ್ ಹೇಳಿದಂತೆ ಸ್ಕ್ರೂಡ್ರೈವರಿಗೆ ತಂತಿ ಕಟ್ಟಿ, ತಂತಿಯ ಇನ್ನೊಂದು ತುದಿಯನ್ನು ಕಬ್ಬಿಣದ ಚೌಕಟ್ಟಿಗೆ ಸುತ್ತಿ, ಟ್ಯೂಬಿನ ಬೆನ್ನ ಮೇಲಿನ ರಬ್ಬರ್ ಬಟ್ಟಲಿನ ಕೆಳಗೆ ಮೆಲ್ಲನೆ ತೂರಿಸಿದೆ. ಠಪ್ ಅಂತು. ವೈನಿ ಚೀರಿದಳು. ನಾನೂ ಚೀರಿದೆ, ಆದರೆ ಅವಳ ಚೀರಾಟದಲ್ಲಿ ನನ್ನದು ಕೇಳಿಸಲಿಲ್ಲ.

ಟ್ಯೂಬನ್ನು ಹೊರಗೆ ಎಳೆಯುವಾಗ ಅಣ್ಣ ಎದ್ದು ಬಂದ. ಎಡಗೈಯಿಂದ ಒಂದು ಮೂಲೆ ಹಿಡಿದ, ಬಲಗೈಯನ್ನೂ ಅದರ ಕೆಳಗೆ ಇಡಲು ನೋಡಿದ. ಅದು ಹಿಡಿಯಲಿಲ್ಲ. ತನ್ನ ಕುರ್ಚಿಗೆ ಹೋಗಿ ಕುಳಿತ. ಟ್ಯೂಬನ್ನು ನಾನು, ವೈನಿ ಇಬ್ಬರೇ ಇಳಿಸಿದೆವು.

ಹೊಸ ಪರದೆಗೆ ನಾನು ದೂರ ಹುಡುಕಲಿಲ್ಲ. ಅಂಗಡಿಯ ಗೋಡೆಯ ಮೇಲೆ ಗಿರಾಕಿಗಳು ಕ್ರಿಕೆಟ್ ನೋಡಲಿ ಎಂದು ಹಾಕಿದ್ದ ಒಂದು ತೆಳ್ಳನೆಯ ಟಿವಿ ಇತ್ತು. ಅದನ್ನೇ ಇಳಿಸಿ, ಟ್ಯೂಬು ಇದ್ದ ಜಾಗಕ್ಕೆ ಎರಡು ಮರದ ಪಟ್ಟಿ ಹೊಡೆದು ಕೂಡಿಸಿದೆ. ವೈರು ಜೋಡಿಸಿ ಸ್ವಿಚ್ ಒತ್ತಿದಾಗ ವಿಮಾನ ಬಂತು, ಆದರೆ ತಟ್ಟಿದ ರೊಟ್ಟಿಯಷ್ಟು ಅಗಲವಾಗಿ ಬಂತು. ರಿಮೋಟಿನಲ್ಲಿ ಹುಡುಕಿ ಅಗಲ ತಗ್ಗಿಸಿದೆ. ಬಣ್ಣ ಅಂದರೆ ಬಣ್ಣ. ಆ ಆಕಾಶ ನೀಲಿ ಎಂಬುದೇ ನಮಗೆ ಅವತ್ತು ಗೊತ್ತಾಯಿತು, ಟ್ಯೂಬಿನಲ್ಲಿ ಅದು ಬೂದಿ ಬಣ್ಣಕ್ಕಿತ್ತು. ವೈನಿ ಡಬ್ಬಿಗೆ ಕುಂಕುಮ ಹಚ್ಚಿ ನಿಂಬೆಹಣ್ಣು ಇಳಿಸಿದಳು. ನಾನು ಎದೆ ಉಬ್ಬಿಸಿಕೊಂಡು ನಿಂತಿದ್ದೆ. ಎಂಜಿನಿಯರ್ ಆಗಬೇಕಾದವನು ಕತ್ತರಿ ಹಿಡಿದೆ ಅಂತ ಅವತ್ತು ಸಿಕ್ಕಸಿಕ್ಕವರಿಗೆ ಹೇಳಿದೆ.

ಅಣ್ಣ ಕೋಲು ಹಿಡಿದ, ಬಲಗೈ ಗುಂಡಿಯ ಮೇಲಿಟ್ಟ. ಬಯಲು ದಾಟಿದ, ಗುಡ್ಡ ದಾಟಿದ. ಗವಿಯ ಬಾಯಿಯಲ್ಲಿ ವಿಮಾನ ಮೇಲಿನ ಕಲ್ಲಿಗೆ ಬಡಿದು ಒಡೆಯಿತು. ಇರಲಿ, ಮೊದಲ ದಿನ ಅಂದೆವು. ಮರುದಿನವೂ ಅಲ್ಲೇ. ವಾರ ಕಳೆದರೂ ಅಲ್ಲೇ. ಒಮ್ಮೆ ಮೇಲಿನ ಕಲ್ಲು, ಒಮ್ಮೆ ಕೆಳಗಿನ ಕಲ್ಲು.

ಈಗ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಯಾರಾದರೂ ಬೇನೆಬಿದ್ದು ಎದ್ದರೆ ಅವರನ್ನು ‘ಮಾತಾಡ್ಸಾಕ’ ಹೋಗುವುದು ಬಿಡುವ ಹಾಗಿಲ್ಲ. ಬಾಳೆಹಣ್ಣು, ಎಳನೀರು, ಬಿಸ್ಕಿಟ್ ಹಿಡಿದು ಹೋಗಬೇಕು. ಹೋದವರು ಬೇನೆಯವನ ಮುಖ ನೋಡಿ ಸೊರಗೀದಿ ಅನ್ನಬಾರದು. “ಮೊದಲಿನಕಿಂತ ಗೆಲುವಾಗೀರಿ” ಅನ್ನಬೇಕು. ಬೇನೆಯವನು ಹೆಣದಂತಿದ್ದರೂ ಅನ್ನಬೇಕು. ಅಣ್ಣನ ಹೆಸರು ದೊಡ್ಡದು. ನಿಡಗುಂದಿಯಿಂದ, ಮುಳವಾಡದಿಂದ ಮಂದಿ ಬಂದರು. ನಮ್ಮ ಬಾಜೂ ಅಂಗಡಿಯ ಬಟ್ಟೆ ವ್ಯಾಪಾರದ ಸಾಹೇಬರು ದಿನಾ ನಮಾಜಿನ ನಂತರ ಬಂದು ಕುಳಿತರು. ಬಂದವರಿಗೆಲ್ಲ ಅಣ್ಣ, “ಬರ್ರಿ, ಒಂದ್ ಕೈ ಆಡ್ರಿ” ಅನ್ನುತ್ತಿದ್ದ. ಆಡುತ್ತಿದ್ದರು. ಮತ್ತು ಬಂದವರೆಲ್ಲ ಅಣ್ಣನಿಗಿಂತ ಮೊದಲೇ ಸೋಲುತ್ತಿದ್ದರು. ಬೇನೆಯಿಂದ ಎದ್ದವನನ್ನು ಅವನ ಅಂಗಡಿಯಲ್ಲೇ ಸೋಲಿಸುವುದುಂಟೇ? ಗುಡ್ಡಕ್ಕೆ ಬಡಿದು, ಮೋಡಕ್ಕೆ ಬಡಿದು, “ಏ ನಿಮ್ಮಂಗ ನಮಗೆಲ್ಲಿ ಆಗತೈತ್ರಿ, ನೀವು ಇನ್ನೂ ಹುಲಿ ಅದೀರಿ” ಅಂದು ಎದ್ದು ಹೋಗುತ್ತಿದ್ದರು. ನಾನೂ ಅಷ್ಟೇ. ಅವನ ಜೊತೆ ಆಡಲು ಕುಳಿತಾಗಲೆಲ್ಲ ಮೊದಲ ಗುಡ್ಡ ನೋಡಿ ನೆಟ್ಟಗೆ ಅದಕ್ಕೇ ಹೋಗಿ ಹಾಯುತ್ತಿದ್ದೆ. ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ. ಎಲ್ಲರಿಗೂ ಅದು ತಿಳಿದಿತ್ತು, ಅಣ್ಣನೊಬ್ಬನನ್ನು ಬಿಟ್ಟು.

ಹೊಗಳಿದವರು ಎದ್ದು ಗಡ್ಡ ಮಾಡಿಸಿಕೊಳ್ಳಲು ಮಾತ್ರ ನನ್ನ ಕುರ್ಚಿಗೆ ಬರುತ್ತಿದ್ದರು. ಅಣ್ಣ ಕರೆಯುತ್ತಿರಲಿಲ್ಲ, ಅವರು ಕೇಳುತ್ತಿರಲಿಲ್ಲ. “ನಿಮ್ಮ ಕೈಲೆ ಮಾಡಿಸ್ಕೋಬೇಕ್ರಿ, ಆರಾಮ ಆಗ್ರಿ ಮೊದಲ” ಅನ್ನುತ್ತಿದ್ದರು. ಹುಲಿ ಅಂದ ಬಾಯಿಯಲ್ಲೇ ಅದನ್ನೂ ಅನ್ನುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು, ಆದರೆ ನಾನು ತಾನೇ ಏನು ಕಡಿದು ಹಾಕಿದ್ದೆ? ನನ್ನ ಗಡ್ಡವನ್ನು ನಾನೇ ಕನ್ನಡಿ ನೋಡಿ ತೆಗೆದುಕೊಳ್ಳುತ್ತಿದ್ದೆ. ಮೊದಲೆಲ್ಲ ಅಣ್ಣನೇ ತೆಗೆಯುತ್ತಿದ್ದ.

ಮಳೆಗಾಲ ಮುಗಿಯುವ ಹೊತ್ತಿಗೆ ಅಣ್ಣ ಆಡುವುದನ್ನು ಕಡಿಮೆ ಮಾಡಿದ. ವಿಜಯಪುರದ ಡಾಕ್ಟರು ಕೈ ಬಹಳ ಸುಧಾರಿಸಿದೆ ಅಂದರು. ಊಟ ಬಲಗೈಯಲ್ಲೇ ಮಾಡುತ್ತಿದ್ದ, ಅಂಗಿಯ ಗುಂಡಿ ತಾನೇ ಹಾಕಿಕೊಳ್ಳುತ್ತಿದ್ದ. ಆದರೂ ಅವನು ಡಾಕ್ಟರನ್ನು ನಂಬಲಿಲ್ಲ, ಡಬ್ಬಿಯನ್ನು ನಂಬಿದ.

“ಕೈ ಒತ್ತೂದು ನನಗ ಗೊತ್ತಾಗತೈತಿ,” ಎಂದು ಒಂದು ಮಧ್ಯಾಹ್ನ ನನಗೆ ಹೇಳಿದ. “ನಾ ಒತ್ತೇನಿ ಅಂದಕೋತೇನಿ, ವಿಮಾನ ಏಳೂದರಾಗ ತಡಾ ಆಗಿರತೈತಿ. ತಲ್ಯಾಗಿನ ಸುದ್ದಿ ಕೈಗೆ ಮುಟ್ಟಾಕತ್ತಿಲ್ಲ ತಮ್ಮಾ. ಗವ್ಯಾಗ ವಿಮಾನ ಒಡದ್ರ ಮತ್ತೊಂದು ಬರತೈತಿ. ಗಂಟಲದ ಮ್ಯಾಲ ಕತ್ತಿ ತಡಾ ಆದ್ರ?”

ಮರುದಿನ ತನ್ನ ಕತ್ತಿಗಳನ್ನೆಲ್ಲ ಒರೆಸಿ, ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟ. ತಾಂಬಾದಲ್ಲಿ ನಮ್ಮ ದೂರದ ಸಂಬಂಧಿಯೊಬ್ಬನಿಗೆ ಅಂಗಡಿ ಇಲ್ಲ, ಕೈ ಚಲೋ ಇದೆ. ಅಮಾವಾಸ್ಯೆ ಕಳೆದ ಮೇಲೆ ಅವನು ಬಂದು ತನ್ನ ಕುರ್ಚಿಯಲ್ಲಿ ಕೆಲಸ ಮಾಡಲಿ ಎಂದು ತಾನೇ ಫೋನ್ ಮಾಡಿ ಮಾತು ಮುಗಿಸಿದ್ದ. ನನ್ನನ್ನು ಒಂದು ಮಾತು ಕೇಳಲಿಲ್ಲ. ನಾನು ಕೂಗಾಡಿದೆ. ಅವನು ಕೂಗಾಡಲಿಲ್ಲ, ಅದು ನೋಡಿ ನನಗೆ ಹೆದರಿಕೆಯಾಯಿತು. ವೈನಿ ಒಳಗೆ ಅತ್ತಳು.

ಅಮಾವಾಸ್ಯೆಗೆ ಇನ್ನೂ ಎಂಟು ಹತ್ತು ದಿನ ಇರುವಾಗ ಮುದ್ದೇಬಿಹಾಳದವನು ಬಂದ. ಇವನು ಅಣ್ಣನ ಹಳೇ ಗೆಳೆಯ ಅನ್ನಬೇಕೋ ವೈರಿ ಅನ್ನಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ. ಪಾರ್ಲರಿನ ಕಾಲದಲ್ಲಿ ಸಿಂದಗಿಯಲ್ಲೇ ಮಾವನ ಮನೆಯಲ್ಲಿದ್ದ, ಇದೇ ಡಬ್ಬಿಯ ಮುಂದೆ ಅಣ್ಣನ ಜೊತೆ ಕಿತ್ತಾಡಿ ಬೆಳೆದ. ಈಗ ಮುದ್ದೇಬಿಹಾಳದಲ್ಲಿ ನೀರಿನ ಪಂಪು, ಪೈಪು ಮಾರುತ್ತಾನೆ. ಬಾಯಿ ಅಂದರೆ ಬಾಯಿ. ಮದುವೆಗೆ ಕರೆದರೆ ಊಟದಲ್ಲಿ ಉಪ್ಪು ಕಡಿಮೆ ಅನ್ನುತ್ತಾನೆ, ಹೊಸ ಮನೆಗೆ ಕರೆದರೆ ಗೋಡೆ ಡೊಂಕು ಅನ್ನುತ್ತಾನೆ. ಅಣ್ಣನನ್ನು ನೋಡಲು ಇಷ್ಟು ದಿನ ಬಂದಿರಲಿಲ್ಲ, ಅದಕ್ಕೆ ನನಗೆ ಮೊದಲೇ ಸಿಟ್ಟಿತ್ತು. ಈಗ ಬಂದವನ ಕೈಯಲ್ಲಿ ಒಂದು ಬಾಳೆಹಣ್ಣೂ ಇರಲಿಲ್ಲ.

“ಬಾಗೇವಾಡ್ಯಾಗ ಪಂಪ್ ಇಳಸೂದಿತ್ತು, ಹಂಗ ಬಂದೆ,” ಅಂದ. ಅಣ್ಣನನ್ನು ಮೇಲಿಂದ ಕೆಳಗೆ ನೋಡಿದ. “ಎಷ್ಟ್ ಸೊರಗೀಯೋ ಮಾರಾಯಾ. ಗಡಿಗಿ ಹಂಗಿದ್ದಾಂವ ಚಂಬು ಆಗೀದಿ.”

ವೈನಿ ಚಹಾದ ಕಪ್ಪು ಟಣ್ ಅಂತ ಕುಕ್ಕಿದಳು. ಅಣ್ಣ ಮಾತ್ರ ಬಹಳ ದಿನದ ಮೇಲೆ ನಕ್ಕ.

ಡಬ್ಬಿ ನೋಡಿದ್ದೇ ಅವನು ಚಹಾ ಮರೆತ. ಕೋಲು ಹಿಡಿದ, ಅಂಗಿಯ ತೋಳು ಮಡಚಿದ. ಇವನೂ ಸೋಲುತ್ತಾನೆ ಬಿಡು ಎಂದು ನಾನು ಗಿರಾಕಿಯ ತಲೆಗೆ ಕತ್ತರಿ ಹಾಕಿದೆ. ಸೋತ. ಆದರೆ ಅವನು ಸೋತದ್ದು ಬೇರೆ ತರಹ. ಹಲ್ಲು ಕಚ್ಚಿ, ಮುಂದಕ್ಕೆ ಬಗ್ಗಿ, ಮೈಯೆಲ್ಲಾ ಕಣ್ಣಾಗಿ ಆಡಿ ಗವಿಯ ಬಾಯಿಯಲ್ಲಿ ಒಡೆದ. ಮತ್ತೆ ಆಡಿದ, ಮತ್ತೆ ಅಲ್ಲೇ ಒಡೆದ. ಮೂರನೇ ಸಲ ಡಬ್ಬಿಯ ಪಕ್ಕೆಗೆ ಗುದ್ದಿದ.

“ಏ! ಇನ್ನೂ ಕಲ್ಲಿಗೆ ತಾಗಿಲ್ಲ, ಆಗಲೇ ಢಂ ಅಂತೈತಿ ಇದು!”

ಯಾರಿಗೂ ಅರ್ಥವಾಗಲಿಲ್ಲ.

“ಕಿವಿ ಅದಾವಿಲ್ಲ ನಿಮಗ? ಸಪ್ಪಳ ಮೊದಲ ಬರತೈತಿ, ವಿಮಾನ ಆಮ್ಯಾಲ ಒಡೀತೈತಿ. ಪರದೆ ಹಿಂದ ಬಿದ್ದೈತಿ. ಯಾವ ಶಾಣ್ಯಾ ಕೂಡ್ರಿಸಿದ ಇದನ್ನ?”

ನಾನು ಕತ್ತರಿ ಕೆಳಗಿಟ್ಟೆ. ಅದು ಚಲೋ ಟಿವಿ, ನಿನ್ನ ಕೈಗೇ ವಯಸ್ಸಾಗಿದೆ, ಸೋತರೆ ಸೋತೆ ಅನ್ನಲು ಕಲಿ ಎಂದು ಬಾಯಿಗೆ ಬಂದದ್ದು ಅಂದೆ. ಅವನು ನನ್ನ ರಟ್ಟೆ ಹಿಡಿದು ಡಬ್ಬಿಯ ಮುಂದೆ ನಿಲ್ಲಿಸಿದ. “ನೀ ಆಡು. ನಿನಗೇನು ಲಕ್ವಾ ಹೊಡದಿಲ್ಲಲ್ಲ? ಗವಿ ದಾಟಿ ತೋರಸು.”

ಆಡಿದೆ. ಸಿಟ್ಟಿನಲ್ಲಿದ್ದೆ, ಅದಕ್ಕೇ ಹೊಸ ಪರದೆಯ ಮೇಲೆ ಮೊದಲನೇ ಸಲ ಗೆಲ್ಲಲಿಕ್ಕೆಂದೇ ಆಡಿದೆ. ಗವಿಯ ಬಾಯಿಯಲ್ಲಿ ಗುಂಡಿ ಒತ್ತಿದೆ. ಬೆರಳು ತಳ ಮುಟ್ಟಿದ್ದು ನನಗೆ ಸರಿಯಾಗಿ ತಿಳಿಯಿತು. ವಿಮಾನ ಒಂದು ಚೂರು ಯೋಚಿಸಿ ಆಮೇಲೆ ಎದ್ದಿತು. ಢಂ ಅಂತು. ಆಮೇಲೆ ಕಲ್ಲಿಗೆ ತಾಗಿತು.

“ತಡಾ ಐತಿ,” ಅಂದೆ.

“ಇಷ್ಟ್ ದಿನಾ ಆಡಿ ಒಬ್ಬರಿಗೂ ತಿಳೀಲಿಲ್ಲೇನು?” ಎಂದು ಮುದ್ದೇಬಿಹಾಳದವನು ಸುತ್ತ ನೋಡಿದ. ಬೆಂಚಿನ ಮೇಲೆ ಸಾಹೇಬರಿದ್ದರು, ಇನ್ನಿಬ್ಬರು ಗಿರಾಕಿಗಳಿದ್ದರು. ಎಲ್ಲರೂ ನೆಲ ನೋಡತೊಡಗಿದರು. ಅಣ್ಣ ಒಬ್ಬೊಬ್ಬರ ಮುಖವನ್ನೂ ನೋಡಿದ, ಕೊನೆಗೆ ನನ್ನದನ್ನು ನೋಡಿದ.

“ನೀವು ಖರೇ ಆಡಾಕತ್ತಿದ್ದಿಲ್ಲೇನು?”

ಸುಳ್ಳು ಹೇಳಲು ಆಗಲಿಲ್ಲ. “ಇಲ್ಲಣ್ಣ. ಬೇಕಂತ ಸೋಲಾಕತ್ತಿದ್ವಿ. ನಿನಗ ಬ್ಯಾಸರ ಆಗಬಾರದು ಅಂತ.”

“ಎಲ್ಲಾರೂ?”

ಸಾಹೇಬರು ಮೆಲ್ಲಗೆ, “ಮಾಫ್ ಮಾಡ್ರಿ. ಎಲ್ಲಾರೂ” ಅಂದರು.

ಅವನು ಬೈಯುತ್ತಾನೆ ಅಂದುಕೊಂಡೆ. ಬೈದಿದ್ದರೆ ಹಗುರಾಗುತ್ತಿತ್ತು. ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋದ. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ, ವೈನಿಯ ಜೊತೆಯೂ ಇಲ್ಲ. ಕೈ ತಡವಾಗಿದೆ ಎಂದಾಗ ಅವನಿಗೆ ಆಗದ ನೋವು ಈಗ ಆಗಿತ್ತು. ನಾವೆಲ್ಲ ಸೇರಿ ಅವನನ್ನು ಸಣ್ಣ ಕೂಸಿನಂತೆ ಆಡಿಸಿದ್ದೆವು. ಅದೂ ಪ್ರೀತಿಯಿಂದ ಆಡಿಸಿದ್ದೆವು, ಹಾಗಾಗಿ ಅವನಿಗೆ ಸಿಟ್ಟು ಮಾಡಿಕೊಳ್ಳಲೂ ದಾರಿ ಇರಲಿಲ್ಲ.

ನಾನು ಇಂಡಿಯ ಮೆಕ್ಯಾನಿಕ್ಕಿಗೆ ಫೋನ್ ಹಚ್ಚಿದೆ. ಅವನು ವಿಷಯ ಕೇಳಿ ನಕ್ಕ. ಟಿವಿ ಅನ್ನುವುದು ಬಂದ ಚಿತ್ರವನ್ನು ಹಾಗೇ ತೋರಿಸುವುದಿಲ್ಲ, ನಯ ಮಾಡಿ, ಬಣ್ಣ ತುಂಬಿ ತೋರಿಸುತ್ತದೆ, ಅದಕ್ಕೆ ಹೊತ್ತು ಹಿಡಿಯುತ್ತದೆ ಅಂದ. ನನಗೆ ನಮ್ಮ ಕಸುಬಿನ ಲೆಕ್ಕದಲ್ಲಿ ತಿಳಿಯಿತು. ಒಳಗೆ ಕುಳಿತು ಪ್ರತಿ ಚಿತ್ರಕ್ಕೂ ಕ್ರಾಪು ಬಾಚಿ, ಪೌಡರ್ ಹಚ್ಚಿ ಹೊರಗೆ ಕಳಿಸುತ್ತಿದೆ. ಕ್ರಿಕೆಟ್ ನೋಡುವವರಿಗೆ ಅದರಿಂದ ಏನೂ ಆಗುವುದಿಲ್ಲ. ಗವಿಯಲ್ಲಿ ವಿಮಾನ ಹಾರಿಸುವವನು ಸಾಯುತ್ತಾನೆ. ಸಪ್ಪಳ ಹಳೇ ಬೋರ್ಡಿನಿಂದ ನೇರ ಬರುವುದರಿಂದ ಅದು ಮೊದಲೇ ಮುಟ್ಟುತ್ತಿತ್ತು. “ಟಿವಿ ಬ್ಯಾಡ್ರಿ, ಕಂಪ್ಯೂಟರ್ ಮಾನಿಟರ್ ಕೂಡ್ರಸ್ರಿ, ಅದಕ್ಕ ಶೃಂಗಾರ ಗೊತ್ತಿಲ್ಲ,” ಅಂದ.

ಹುಡುಕುವ ಕೆಲಸ ಬೀಳಲಿಲ್ಲ. ಮುಂದಿನ ಮಂಗಳವಾರ ಮುದ್ದೇಬಿಹಾಳದವನೇ ತನ್ನ ಅಂಗಡಿಯ ಕಂಪ್ಯೂಟರಿನ ಮಾನಿಟರನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದ. ಅಗಲವಲ್ಲದ ಚೌಕದ ನಮೂನೆಯದು, ಟ್ಯೂಬಿನ ಅಳತೆಗೆ ಸರಿಯಾಗಿ ಹೊಂದುವಂಥದ್ದು. ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದನಂತೆ. ನಾನು ಪಟ್ಟಿ ಕಿತ್ತು ಹೊಸದಾಗಿ ಹೊಡೆಯುವಾಗ, “ಡೊಂಕು ಹೊಡ್ಯಾಕತ್ತೀದಿ” ಅಂತ ತಲೆಯ ಮೇಲೆ ನಿಂತು ಕಿರಿಕಿರಿ ಮಾಡಿದ. ಡೊಂಕೇ ಹೊಡೆಯುತ್ತಿದ್ದೆ. ಬಿಚ್ಚಿ ಮತ್ತೆ ಹೊಡೆದೆ.

ಅಣ್ಣನನ್ನು ಕರೆಯಲು ವೈನಿ ಹೋದಳು. ಬರುವುದಿಲ್ಲ ಅಂದನಂತೆ. ಮುದ್ದೇಬಿಹಾಳದವನು ಬಾಗಿಲಿಗೆ ಹೋಗಿ ಓಣಿಗೆಲ್ಲ ಕೇಳುವ ಹಾಗೆ, “ಅಂಜಿ ಕುಂತಾನ ಬಿಡ್ರಿ!” ಎಂದು ಕೂಗಿದ. ಸ್ವಲ್ಪ ಹೊತ್ತಿಗೆ ಅಣ್ಣ ಬಂದ. ನಮ್ಮ ಯಾರ ಮುಖವನ್ನೂ ನೋಡದೆ ಡಬ್ಬಿಯ ಮುಂದೆ ನಿಂತ.

ಈ ಮಾನಿಟರಿನ ಬಣ್ಣ ಟಿವಿಯಷ್ಟು ಚಂದ ಇರಲಿಲ್ಲ. ಆದರೆ ಗುಂಡಿ ಒತ್ತಿದ ಕೂಡಲೇ ವಿಮಾನ ಎದ್ದಿತು. ಅದು ನನಗೆ ದೂರದಿಂದಲೇ ಕಂಡಿತು. ಅಣ್ಣ ಮೊದಲ ಸಲ ಗವಿಯಲ್ಲಿ ಒಡೆದ, ಟಿವಿಯ ತಡಕ್ಕೆ ಒಗ್ಗಿ ಮೊದಲೇ ಒತ್ತುವ ಚಟ ಬಿದ್ದಿತ್ತು. ಎರಡನೇ ಸಲವೂ ಒಡೆದ. ಮೂರನೇ ಸಲ ಒಳಗೆ ಹೋದ. ಮೇಲಿನ ಕಲ್ಲು, ಕೆಳಗಿನ ಕಲ್ಲು, ಮತ್ತೆ ಮೇಲಿನ ಕಲ್ಲು, ಕೊನೆಗೆ ವಿಮಾನ ಗವಿಯಿಂದ ಹೊರಬಿದ್ದು ಬಯಲು ಆಕಾಶಕ್ಕೆ ಬಂತು. ಯಾರೂ ಶಹಬ್ಬಾಸ್ ಅನ್ನಲಿಲ್ಲ. ಅನ್ನುವ ಧೈರ್ಯ ನಮಗೆ ಉಳಿದಿರಲಿಲ್ಲ. ಅಂದರೆ ಯಾರು ನಂಬಬೇಕು?

ಆಮೇಲೆ ಮುದ್ದೇಬಿಹಾಳದವನು ಆಡಿದ. ಅವನೂ ಗವಿ ದಾಟಿದ, ಗವಿಯ ಆಚೆ ಅಣ್ಣನ ವಿಮಾನ ಒಡೆದ ಜಾಗವನ್ನೂ ದಾಟಿದ, ಇನ್ನೂ ದೂರ ಹೋದ. ತಿರುಗಿ ಅಣ್ಣನ ಮುಖಕ್ಕೆ, “ಸೋತಿ ಮಗನ,” ಅಂದ. ಮತ್ತೆ ಆಡಿದರು. ಅಣ್ಣ ಮತ್ತೆ ಸೋತ. ಸೋತಷ್ಟೂ ಅವನ ಮುಖ ಅರಳುತ್ತಾ ಹೋಯಿತು. ಲಕ್ವಾ ಹೊಡೆದಂದಿನಿಂದ ಅವನನ್ನು ಯಾರೂ ಖರೇನೇ ಸೋಲಿಸಿರಲಿಲ್ಲ.

“ಕೈ ಪೂರಾ ಬಂದಿಲ್ಲ,” ಅಂದ ಮುದ್ದೇಬಿಹಾಳದವನು, ಅಣ್ಣನ ಬಲಗೈಯನ್ನೇ ನೋಡುತ್ತಾ. “ಗವಿ ಆದಮ್ಯಾಲ ದಣಿತೈತಿ. ಬಿಡೂ ಮುಂದ ಒಂದೀಟು ಹಿಂದ ಬೀಳತೈತಿ.”

“ಹೌದು,” ಅಂದ ಅಣ್ಣ. “ಒಂದೀಟ.”

ಮುದ್ದೇಬಿಹಾಳದವನು ಗದ್ದ ಕೆರೆದುಕೊಂಡ. ನಾಲ್ಕು ದಿನದ ಗಡ್ಡ ಇತ್ತು. ನನ್ನ ಕುರ್ಚಿ ಖಾಲಿ ಇತ್ತು. ಅದನ್ನು ದಾಟಿ ಹೋಗಿ ಅಣ್ಣನ ಕುರ್ಚಿಯಲ್ಲಿ ಕುಳಿತು ತಲೆ ಹಿಂದಕ್ಕೆ ಆನಿಸಿದ.

“ಗಡ್ಡಾ ತಗಿ. ಸಂಜಿಮುಂದ ಬಾಗೇವಾಡ್ಯಾಗ ಒಂದ್ ಲಗ್ನ ಐತಿ.”

ಅಣ್ಣ ನಿಂತಲ್ಲೇ ನಿಂತ. “ಕೈ ತಡಾ ಐತಿ. ಈಗ ನೀನ ನೋಡಿದಿ.”

“ನೋಡೇ ಕುಂತೇನಿ.”

ಇಷ್ಟು ತಿಂಗಳು ಹುಲಿ ಅಂದವರು, ಗೆಲುವಾಗೀರಿ ಅಂದವರು ನೂರು ಮಂದಿ. ಅವರಲ್ಲಿ ನಾನೂ ಒಬ್ಬ. ಕುತ್ತಿಗೆ ಕೊಟ್ಟವನು ಇವನೊಬ್ಬ. ನನಗೆ ಅಳು ಬಂತು, ನಾಚಿಕೆಯಾಯಿತು. ಕಪಾಟಿಗೆ ಹೋಗಿ ಬಟ್ಟೆ ಬಿಚ್ಚಿ ಅಣ್ಣನ ಕತ್ತಿ ತಂದು ಹೊಸ ಬ್ಲೇಡು ಹಾಕಿ ಕೊಟ್ಟೆ. ಅವನು ತೆಗೆದುಕೊಂಡ. ಸೋಪು ಹಚ್ಚಿದ, ಬ್ರಷ್ ಬೀಳಲಿಲ್ಲ. ಎಡಗೈಯಿಂದ ಕೆನ್ನೆಯ ಚರ್ಮ ಎಳೆದು ಹಿಡಿದು, ಕಿವಿಯ ಪಕ್ಕದಿಂದ ಕತ್ತಿ ಇಳಿಸಿದ. ಮೊದಲು ಒಂದೇ ದಮ್ಮಿಗೆ ಗದ್ದದ ತನಕ ಎಳೆಯುತ್ತಿದ್ದವನು ಈಗ ಒಂದು ಬೆರಳಗಲ ಎಳೆದು ನಿಲ್ಲುತ್ತಿದ್ದ, ಕೈ ಹಿಂದೆ ಬಿತ್ತೋ ಇಲ್ಲವೋ ನೋಡಿಕೊಂಡು ಮತ್ತೊಂದು ಬೆರಳಗಲ ಎಳೆಯುತ್ತಿದ್ದ. ಕೆಲಸ ನಿಧಾನವಾಗಿತ್ತು, ಆದರೆ ಸ್ವಚ್ಛವಾಗಿತ್ತು. ಕತ್ತಿ ಗಂಟಲಿಗೆ ಬಂದಾಗ ಮುದ್ದೇಬಿಹಾಳದವನು ಕಣ್ಣು ಮುಚ್ಚಿದ್ದ. ಬಾಯಿ ಮೊದಲ ಸಲ ಸುಮ್ಮನಿತ್ತು. ಹೊದಿಸಿದ್ದ ಬಟ್ಟೆಯ ಕೆಳಗೆ ಅವನ ಎರಡೂ ಕೈ ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದದ್ದು ನನಗೆ ಕಂಡಿತು.

ಮುಗಿದ ಮೇಲೆ ಅವನು ಎದ್ದು ಕನ್ನಡಿಯ ಹತ್ತಿರ ಹೋಗಿ ಗದ್ದದ ಕೆಳಗೆ ಬೆರಳಾಡಿಸಿ, “ಇಲ್ಲೆ ಎರಡ್ ಕೂದಲಾ ಉಳದಾವು,” ಅಂದ. ಅಣ್ಣ ಹತ್ತಿರ ಬಂದು ನೋಡಿದ, ಉಳಿದಿದ್ದವು. “ಕೂಡು” ಅಂದು ಮತ್ತೆ ಸೋಪಿನ ಬಟ್ಟಲಿಗೆ ಕೈ ಹಾಕಿದ. ಬ್ರಷ್ ತಿರುಗಿಸುತ್ತಲೇ ನನ್ನತ್ತ ನೋಡದೆ ಹೇಳಿದ:

“ತಾಂಬಾಕ ಫೋನ್ ಹಚ್ಚು. ಕುರ್ಚಿ ಖಾಲಿ ಇಲ್ಲ ಅಂತ ಹೇಳು.”